ಡಾಕ್ಟರ್ ಹೇಳದ ಆರು ತಿಂಗಳು

ಮಗುವಿಗೆ ಲಸಿಕೆ ಹಾಕಿಸಿ ಹೊರಟವಳನ್ನು, ನನಗೆ ಹೆರಿಗೆ ಮಾಡಿಸಿದ ಡಾಕ್ಟರಮ್ಮ ಕಾರಿಡಾರಿನಲ್ಲಿ ನೋಡಿ ಒಳಗೆ ಕರೆದರು.

"ಮೂರೂವರೆ ತಿಂಗಳಾಯ್ತಲ್ಲ. ಗಂಡ ಹೆಂಡತಿ ಸೇರೋದು ಶುರುವಾಯ್ತಾ? ನೋವೇನಾದ್ರೂ ಇದೆಯಾ?"

ನನ್ನ ಮುಖ ಕೆಂಪಾಯಿತು. "ಇನ್ನೂ ಆರು ತಿಂಗಳಾಗಿಲ್ವಲ್ಲ ಡಾಕ್ಟ್ರೇ. ನೀವೇ ಹೇಳಿದ್ರಂತೆ."

"ನಾನಾ? ಆರು ವಾರದ ಚೆಕಪ್‌ನಲ್ಲೇ ನಿಮ್ಮ ಯಜಮಾನ್ರಿಗೆ ಹೇಳಿದ್ನಲ್ಲ, ಗಾಯ ಚೆನ್ನಾಗಿ ಮಾಗಿದೆ, ನಿಮಗೆ ಮನಸ್ಸು ಬಂದಾಗ ನಿಧಾನವಾಗಿ ಶುರು ಮಾಡಿ, ನೋವಾದ್ರೆ ಬಂದು ತೋರಿಸಿ ಅಂತ."

ಅವತ್ತು ಮಗು ಅತ್ತಿತೆಂದು ಹಾಲು ಕೊಡಲು ನಾನು ಹೊರಗೆ ಹೋಗಿದ್ದೆ. ಇವರು ಚೀಟಿ ಹಿಡಿದು ಬಂದವರೇ, "ಆರು ತಿಂಗಳು ಏನೂ ಬೇಡವಂತೆ ಕಣೇ" ಅಂದಿದ್ದರು. ಅಷ್ಟೇ ಅಲ್ಲ, ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಸುತ್ತನ್ನೂ ಹಾಕಿದ್ದರು. ಅಬ್ಬಾ, ಎಷ್ಟು ಆಸೆ ಇವರಿಗೆ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಹೊಸ ನೈಟಿಯೊಂದನ್ನು ತಂದು ಬೀರುವಿನಲ್ಲಿ ಬಚ್ಚಿಟ್ಟಿದ್ದೆ.

ನಾನು ಶಾಲೆಯಲ್ಲಿ ಟೀಚರ್. ಮಕ್ಕಳು ಅಪ್ಪನ ಸಹಿ ತಾವೇ ಹಾಕಿ ತರುವ ರಜಾಚೀಟಿಯನ್ನು ದೂರದಿಂದಲೇ ಹಿಡಿಯುವವಳು. ನನ್ನ ಗಂಡನ ಸುಳ್ಳನ್ನು ಮಾತ್ರ ಕಣ್ಣು ಮುಚ್ಚಿ ನುಂಗಿದ್ದೆ.

ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೊರೆಯಿತು. ಇವರಿಗೆ ನಾನು ಬೇಡವಾದೆನೇ? ಸಡಿಲವಾದ ಹೊಟ್ಟೆ, ಹಾಲಿನ ವಾಸನೆ, ಉದುರುವ ಕೂದಲು. ಕನ್ನಡಿಯ ಮುಂದೆ ನಾನು ಬೈದುಕೊಂಡದ್ದನ್ನೆಲ್ಲ ಇವರೂ ಮನಸ್ಸಿನಲ್ಲೇ ಅಂದುಕೊಂಡಿರಬೇಕು.

ಇವರದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಗಾಜು ಕತ್ತರಿಸುತ್ತಿದ್ದವರು ನಮ್ಮನ್ನು ಕಂಡು ಮುಖ ಅರಳಿಸಿದರು.

"ಏನು ಟೀಚರಮ್ಮ, ಪುಟ್ಟಿ ತುಂಬಾ ಅತ್ತಳಾ?"

ಆ ನಗು ಕಂಡು ಮೈ ಉರಿಯಿತು. "ಡಾಕ್ಟರಮ್ಮ ಸಿಕ್ಕಿದ್ರು. ಆರು ತಿಂಗಳು ಅಂತ ಅವರು ಹೇಳೇ ಇಲ್ವಂತೆ."

ಇವರು ಗಾಜನ್ನು ಮೆಲ್ಲಗೆ ಕೆಳಗಿಟ್ಟರು. ಎದ್ದು ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದರು.

"ಯಾಕ್ರೀ ಸುಳ್ಳು ಹೇಳಿದ್ರಿ? ನಾನು ಬೇಡವಾದ್ನಾ? ಹಾಗಾದ್ರೆ ನೇರವಾಗಿ ಹೇಳಿ."

"ಅಯ್ಯೋ, ಅದಲ್ಲ ಕಣೇ." ಬೆರಳಿನ ಹಳೇ ಗಾಯವನ್ನು ಉಜ್ಜಿಕೊಂಡರು. "ಹೆರಿಗೆ ದಿನ ನಿನ್ನ ಪಕ್ಕದಲ್ಲೇ ಇದ್ನಲ್ಲ. ಅಷ್ಟು ರಕ್ತ... ಆಮೇಲೆ ಹೊಲಿಗೆ ಹಾಕುವಾಗ ನೀನು ನನ್ನ ಕೈ ಕಚ್ಚಿದ್ದೆ. ನಿನ್ನ ಹತ್ರ ಬಂದಾಗೆಲ್ಲ ಅದೇ ಕಣ್ಣ ಮುಂದೆ ಬರುತ್ತೆ. ಮತ್ತೆ ನೋವು ಮಾಡಿಬಿಟ್ರೆ ಅಂತ. ಹೆದರಿಕೆ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಯ್ತು. ಡಾಕ್ಟರ್ ಹೆಸರು ಹೇಳ್ಬಿಟ್ಟೆ. ನೀನು ಬೇಡ ಅಂತ ಒಂದು ದಿನಾನೂ ಅನ್ನಿಸಿಲ್ಲ."

ನನ್ನ ಕಣ್ಣು ತುಂಬಿ ಬಂತು. ಕೋಪ ಮಾತ್ರ ಇಳಿಯಲಿಲ್ಲ.

"ನನಗೂ ಹೆದರಿಕೆ ಇತ್ತು ರೀ. ನೋವಾಗುತ್ತೋ ಏನೋ ಅಂತ, ನಿಮಗೆ ನಾನು ಹಿಡಿಸ್ತೀನೋ ಇಲ್ವೋ ಅಂತ. ನೀವು ಬಾಯಿ ಬಿಟ್ಟಿದ್ರೆ ಇಬ್ಬರೂ ಸೇರಿ ಹೆದರಬಹುದಿತ್ತು. ನಾನೊಬ್ಬಳೇ ಹೆದರಿಕೊಂಡಿದ್ದೆ."

ಇವರು ತಲೆ ತಗ್ಗಿಸಿದರು. ಆಮೇಲೆ ಕೈ ಚಾಚಿದರು. ಹಿಡಿಯಬಾರದೆಂದು ಹಟವಿದ್ದರೂ ಹಿಡಿದುಕೊಂಡೆ.

"ಕ್ಷಮಿಸ್ತೀಯಾ?"

"ಇವತ್ತಿಲ್ಲ."

"ಸರಿ. ಇವತ್ತು ರಾತ್ರಿ ಹಾಲ್‌ನಲ್ಲಿ ಮಲಗ್ಲಾ ಹಾಗಾದ್ರೆ?"

"ಬೇಡ. ಒಳಗೆ ಬನ್ನಿ. ನನ್ನ ಕಡೆ ಮುಖ ಮಾಡಿ ಮಲಗಿ, ಸಾಕು. ಮಿಕ್ಕಿದ್ದು ಯಾವಾಗ ಅಂತ ಇನ್ನು ಯಾರನ್ನೂ ಕೇಳಬೇಡಿ. ನನ್ನನ್ನ ಕೇಳಿ."