ಹನ್ನೊಂದನೇ ಟೇಪು

2024ರ ನವೆಂಬರ್ 18, ಸೋಮವಾರ ಬೆಳಿಗ್ಗೆ ಹೈದರಾಬಾದಿನ ಕಾಚಿಗುಡ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರುದಾರರು ಅಲ್ಲಿಯ ಒಂದು ಮಹಿಳಾ ಅಧ್ಯಯನ ಕೇಂದ್ರದ ನಿರ್ದೇಶಕಿ ಪ್ರಿಯಂವದಾ. 2000ದಲ್ಲಿ ಕೇಂದ್ರವು ಹೈದರಾಬಾದಿನ ಕನ್ನಡ ಮನೆಗಳ ನಲವತ್ತು ಹೆಂಗಸರ ಮಾತನ್ನು ಧ್ವನಿಮುದ್ರಿಸಿಕೊಂಡಿತ್ತು. ಅದನ್ನು ಇಟ್ಟಿದ್ದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಎಂದೋ ಕೆಟ್ಟು, ಬ್ಯಾಕಪ್ ಟೇಪುಗಳಷ್ಟೇ ಉಳಿದಿದ್ದವು. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಕ್ಯಾಸೆಟ್ಟು. ಅಕ್ಟೋಬರಿನಲ್ಲಿ ಯಂತ್ರ ಓದುತ್ತಿದ್ದ ಟೇಪುಗಳನ್ನು ಈಗ ಅದು ಓದುತ್ತಿಲ್ಲ, ಯಾರೋ ಬೇಕೆಂದೇ ಅಳಿಸಿದ್ದಾರೆ ಎಂಬುದು ದೂರು.

ಇನ್ಸ್‌ಪೆಕ್ಟರ್ ಶರ್ವರಿಯ ಮನೆತನ ಕಲಬುರಗಿ ಕಡೆಯದು. ಅವಳು ಕನ್ನಡದಲ್ಲೇ ಕೇಳಿದಳು.

"ಹಳೇ ಟೇಪು ಅದಾವ. ತಾವಾಗೇ ಹಾಳಾಗಿರಬಹುದಲ್ರಿ?"

"ನಲವತ್ತೂ ಕೂಡೇ ಹಾಳಾಗ್ತಾವೇನ್ರಿ? ಮುಂದಿನ ತಿಂಗಳು ಇಂಟರ್ನೆಟ್ಟಿಗೆ ಹಾಕೋರಿದ್ವಿ. ಯಾರು ಬೇಕಾದವರು ಫೋನಿನಾಗ ಕೇಳಬಹುದಿತ್ತು."

"ಆ ಹೆಂಗಸರು ಒಪ್ಪ್ಯಾರ?"

"ಆವಾಗ ಸಹಿ ಮಾಡ್ಯಾರ. ಈಗ ಭಾಳ ಮಂದಿ ಇಲ್ಲ."

ಮಧ್ಯಾಹ್ನ ಶರ್ವರಿ ಕಾನ್‌ಸ್ಟೆಬಲ್ ಸೂಗಪ್ಪನೊಂದಿಗೆ ಕೇಂದ್ರಕ್ಕೆ ಹೋಗಿ ಸ್ಥಳ ಪಂಚನಾಮೆ ಮಾಡಿದಳು. ಮೂಲೆಯ ಮೇಜಿನ ಮೇಲೆ ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ಮಿಠಾಯಿ ಡಬ್ಬಿಯಷ್ಟು ದೊಡ್ಡ ಟೇಪ್ ಡ್ರೈವ್, ಎರಡರ ನಡುವೆ ಹೆಬ್ಬೆರಳು ದಪ್ಪದ ಕೇಬಲ್. ಟೇಪುಗಳಿಂದ ಧ್ವನಿ ತೆಗೆಯುವ ಕೆಲಸ ಹಿಡಿದಿದ್ದ ಮಾದಾಪುರದ ಎಂಜಿನಿಯರ್ ಅಮೋಲ್ ಅಲ್ಲೇ ಕುಳಿತಿದ್ದ.

"ಕೇಬಲ್ ಬದಲಿಸಿದೆ ಮೇಡಮ್. ಡ್ರೈವಿನ ಬೆನ್ನಿಗೆ ಟರ್ಮಿನೇಟರ್ ಅಂತ ಒಂದು ಬಿರಡಿ ಇರ್ತದ, ಅದನ್ನೂ ಹೊಸದು ಹಾಕಿದೆ. ಕ್ಲೀನಿಂಗ್ ಕ್ಯಾಸೆಟ್ ಓಡಿಸಿದೆ. ಕಂಪ್ಯೂಟರಿಗೆ ಡ್ರೈವ್ ಕಾಣ್ತದ. ಟೇಪ್ ಹಾಕಿದ್ರ ನುಂಗ್ತದ, ಆಮ್ಯಾಲ ಎರರ್ ಅಂತದ."

"ಡ್ರೈವೇ ಕೆಟ್ಟಿರಬೇಕು," ಎಂದಳು ಶರ್ವರಿ.

"ಖಾಲಿ ಟೇಪಿನ ಮ್ಯಾಲ ಬರೆಸಿ ಓದಿಸಿದೆ. ಮಸ್ತ್ ಓದ್ತದ."

"ತಾ ಬರದದ್ದು ಅಷ್ಟ ಓದ್ತದ, ಮಂದಿ ಬರದದ್ದು ಬ್ಯಾಡ ಅಂತದ," ಎಂದ ಸೂಗಪ್ಪ. "ನಮ್ಮ ಠಾಣೆ ರೈಟರ್ ಇದ್ದಂಗ ಐತಿ ಬಿಡ್ರಿ."

ಶರ್ವರಿಗೆ ಯಂತ್ರದ ವಿಷಯ ತಿಳಿಯದು. ಅವಳು ಕೋಣೆಯನ್ನು ನೋಡುತ್ತಿದ್ದಳು. ಮಾನಿಟರ್, ಪ್ರಿಂಟರ್, ಯುಪಿಎಸ್, ಕಬ್ಬಿಣದ ಬೀರು, ಎಲ್ಲದರ ಮೇಲೂ ಆಯುಧಪೂಜೆಯ ಕುಂಕುಮದ ಬೊಟ್ಟು. ವರ್ಷದ ಮೇಲೆ ವರ್ಷ ಹಚ್ಚಿ ಕೆಲವು ಹೆಪ್ಪುಗಟ್ಟಿ ಕಪ್ಪಾಗಿದ್ದವು. ಟೇಪ್ ಡ್ರೈವಿನ ಮೇಲೆ ಮಾತ್ರ ಏನೂ ಇರಲಿಲ್ಲ.

"ಇದಕ್ಕ ಪೂಜಿ ಮಾಡಲಿಲ್ಲೇನು?" ಕಸ ಗುಡಿಸಲು ಬಂದಿದ್ದ ಸಾಬಮ್ಮನನ್ನು ಕೇಳಿದಳು.

"ಅಯ್ಯ, ಬಿಡ್ತೀನೇನ್ರೀ ಅಮ್ಮಾ? ಇದಕ್ಕ ಮೂರು ಬಟ್ಟು ಹಚ್ತೀನಿ. ಎಲ್ಲಾದಕ್ಕಿಂತ ಹಟಮಾರಿ ಇದು." ಸಾಬಮ್ಮ ಬಗ್ಗಿ ನೋಡಿ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು. "ಯವ್ವಾ, ಇದು ನಮ್ಮದಲ್ರಿ!"

ಅಮೋಲ್ ಹಣೆ ಚಚ್ಚಿಕೊಂಡ. ಅವನು ವಿವರಿಸಿದ್ದನ್ನು ಸೂಗಪ್ಪ ಹೀಗೆ ಬರೆದುಕೊಂಡ: ಹಳೆಯ ಡ್ರೈವಿನ ಹೆಡ್, ಅಂದರೆ ಟೇಪಿನ ಮೇಲೆ ಬರೆದು ಓದುವ ಭಾಗ, ಕೂದಲೆಳೆಯಷ್ಟು ವಾರೆಯಾಗಿದ್ದರೆ ಅದು ಬರೆದ ಟೇಪನ್ನು ಅದೊಂದೇ ಓದಬಲ್ಲದು. ಅಮೋಲ್ ಮೊದಲು ಹಾಕಿ ನೋಡಿದ್ದ ಮಾದಾಪುರದ ತನ್ನ ಆಫೀಸಿನ ಡ್ರೈವ್ ಈ ಟೇಪುಗಳನ್ನು ಓದದೆ ಇದ್ದುದೂ ಅದಕ್ಕೇ. ಟೇಪುಗಳನ್ನು ಯಾರೂ ಅಳಿಸಿಲ್ಲ. ಅವನ್ನು ಓದುವ ಡ್ರೈವನ್ನು ಒಯ್ದು, ಅದೇ ಮಾದರಿಯ ಬೇರೊಂದನ್ನು ತಂದಿಟ್ಟಿದ್ದಾರೆ.

ಅಂದು ಸಂಜೆ ಕಳವಿನ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಸೂಗಪ್ಪ ಕೋಠಿಯ ಸೆಕೆಂಡ್‌ಹ್ಯಾಂಡ್ ಅಂಗಡಿಗಳನ್ನು ಹುಡುಕಿದ. ಮೋಹನ ಎಂಬ ಅಂಗಡಿಯವನಿಗೆ ಚೆನ್ನಾಗಿ ನೆನಪಿತ್ತು. ದಸರೆ ಮುಗಿದ ಮೇಲೆ ಒಬ್ಬ ಅಮ್ಮ ಬಂದು ಇದೇ ಮಾದರಿ ಬೇಕೆಂದಿದ್ದರು. ಅಂಥದ್ದನ್ನು ಕೇಳುವವರನ್ನು ನೋಡಿಯೇ ವರ್ಷಗಳಾಗಿದ್ದವು. ಕೆಲವು ದಿನಕ್ಕೆ ಒಂದು ಸಿಕ್ಕಾಗ ಅವರೇ ಬಂದು ಒಯ್ದಿದ್ದರು. ಸಿಕ್ಕರೆ ತಿಳಿಸಲು ಅವರು ಕೊಟ್ಟುಹೋಗಿದ್ದ ನಂಬರು ಅವನ ಫೋನಿನಲ್ಲಿತ್ತು. ಅದು ಕೇಂದ್ರದ ಕಂಪ್ಯೂಟರ್ ಆಪರೇಟರ್ ನಲಿನಿಯದು. ಧ್ವನಿಮುದ್ರಣ ನಡೆದ ಕಾಲದಿಂದಲೂ ಅವಳು ಅಲ್ಲೇ ಇದ್ದಳು.

ನವೆಂಬರ್ 21, ಗುರುವಾರ ಮಧ್ಯಾಹ್ನ ಮೂರಕ್ಕೆ ಶರ್ವರಿ ಮಹಿಳಾ ಕಾನ್‌ಸ್ಟೆಬಲ್ ಶೀತಲಳನ್ನು ಕರೆದುಕೊಂಡು ಬರ್ಕತ್‌ಪುರದ ನಲಿನಿಯ ಮನೆಗೆ ಹೋದಳು. ಐವತ್ತು ದಾಟಿದ ಹೆಂಗಸು, ಹಣೆ ಬೋಳು. ಕಿಟಕಿಯ ಹತ್ತಿರ ಮಂಚದ ಮೇಲೆ ಅತ್ತೆ ತುಳಸಾಬಾಯಿ ಆಚೆ ಮಗ್ಗುಲಾಗಿ ಮಲಗಿದ್ದರು.

"ಕೋಠಿಗೆ ಹೋಗಿದ್ರೇನು?"

"ಹೋಗಿದ್ದೆ ರಿ."

"ನಿಮ್ಮ ಆಫೀಸಿನ ಡ್ರೈವ್ ಎಲ್ಲೈತಿ?"

ನಲಿನಿಯ ಕಣ್ಣು ಬೀರುವಿನತ್ತ ಹೋಯಿತು.

"ಟೇಪ್ ಅಳಿಸಿದ್ರ ಮುಗೀತಿತ್ತಲ್ಲ?"

"ಅವರು ಮಾತಾಡುವಾಗ ಹೆಡ್‌ಫೋನ್ ಹಾಕ್ಕೊಂಡು ಕೇಳಿದಾಕಿ ನಾನು. ನನ್ನ ಕೈಲೆ ಹೆಂಗ ಅಳಿಸ್ಲಿ ರಿ? ಡ್ರೈವ್ ಬದಲಾದ್ರ ಟೇಪಿಗೆ ವಯಸ್ಸಾತು ಅಂತಾರ, ಯಾರ ಮ್ಯಾಲೂ ಬರೂದಿಲ್ಲ ಅಂದ್ಕೊಂಡೆ."

"ಹೊಸದಕ್ಕ ಎರಡು ಬಟ್ಟು ಕುಂಕುಮ ಹಚ್ಚಿದ್ರ ನಮಗ ತಿಳೀತಿದ್ದಿಲ್ಲ."

ನಲಿನಿ ತಲೆಯೆತ್ತಿದಳು. "ಏಳು ವರ್ಷ ಆತು, ಕುಂಕುಮದ ಬಟ್ಟಲಾ ಮುಟ್ಟಿಲ್ಲ ನಾನು. ಅದು ಕಣ್ಣಿಗೇ ಬೀಳಲಿಲ್ರಿ."



"ಯಾಕ ಮಾಡಿದ್ರಿ?"

"ಸಹಿ ಮಾಡಿಸ್ಕೊಂಡವರು ಪ್ರಿಯಂವದಾಬಾಯಾರು. ಬಾಗಲಾ ಮುಚ್ಚಿ ಮೈಕ್ ಹಚ್ಚಾಕಿ ನಾನು. ಒಬ್ಬೊಬ್ಬಾಕಿನೂ ನನ್ನ ಕೇಳತಿದ್ಲು, ಮನಿ ಮಂದಿ ಕಿವಿಗೆ ಬೀಳೂದಿಲ್ಲ ಹೌದಿಲ್ಲೋ ಅಂತ. ಬೀಳೂದಿಲ್ಲ ಅಂತಿದ್ದೆ."

"ನಿರ್ದೇಶಕರಿಗೆ ಹೇಳಬೇಕಿತ್ತು."

"ಹೇಳಿದೆ. ನೀ ಟೇಪ್ ಬದಲಿಸೋದು ನೋಡ್ಕೋ ನಲಿನಿ ಅಂದ್ರು." ಅವಳು ಮಂಚದತ್ತ ನೋಡಿ ದನಿ ತಗ್ಗಿಸಿದಳು. "ಹನ್ನೊಂದನೇ ಟೇಪು ಅತ್ಯಾರದು."

ಆ ಟೇಪಿನಲ್ಲಿ ಏನಿತ್ತೆಂಬುದು ನಲಿನಿಯ ಹೇಳಿಕೆಯಲ್ಲಿ ದಾಖಲಾಗಿದೆ. ಗಂಡ ತೀರಿಕೊಂಡ ರಾತ್ರಿ ತನಗೆ ಅಳು ಬರಲಿಲ್ಲ, ಮದುವೆಯಾದಾಗಿನಿಂದ ಬಾರದ ನಿದ್ದೆ ಬಂತು ಎಂದಿದ್ದರು ತುಳಸಾಬಾಯಿ. ಸೊಸೆ ಹೆಗಲಿಗೆ ಚೀಲ ಹಾಕಿಕೊಂಡು ಆಫೀಸಿಗೆ ಹೊರಟಾಗ ಹೊಟ್ಟೆಕಿಚ್ಚಾಗುತ್ತದೆ ಎಂದೂ ಹೇಳಿದ್ದರು. ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು ಕುಳಿತವಳು ಅದೇ ಸೊಸೆ. ಅದು ಅವರಿಗೆ ಗೊತ್ತಿತ್ತು. ಸಂಜೆ ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಬಂದರು. ಮರುದಿನದಿಂದ ನಲಿನಿ ಚೀಲವನ್ನು ಸೆರಗಿನ ಮರೆಯಲ್ಲಿ ಹಿಡಿದು ಹೋಗತೊಡಗಿದಳು. ಆ ಮಾತು ಇಬ್ಬರ ನಡುವೆ ಮತ್ತೆ ಬರಲಿಲ್ಲ.

"ಪಿಸಿಪಿಸಿ ಯಾಕ ಮಾತಾಡ್ತಿ ನಲಿನೀ?" ಮಂಚದಿಂದ ದನಿ ಬಂತು. "ಕಾಲು ಹೋಗ್ಯಾವ, ಕಿವಿ ಅದಾವ ನನಗ."

ಮೂವರೂ ಅತ್ತ ತಿರುಗಿದರು. ತುಳಸಾಬಾಯಿ ಈಚೆ ಮಗ್ಗುಲಿಗೆ ಹೊರಳಿದ್ದರು.

"ನಂದು ಕೇಳಿದ್ರ ಕೇಳ್ಲಿ. ಯಾರರೆ ಕೇಳ್ಲಿ ಅಂತನ ಹೇಳಿದ್ದು ನಾನು."

"ಯಾರಿಗೂ ಕೇಳಸಬ್ಯಾಡ ಅಂತ ನನ್ನ ಕೈ ಹಿಡ್ಕೊಂಡಿದ್ರಿ ಅತ್ಯಾರ."

"ಆವಾಗ ನಿನ್ನ ಗಂಡ ಇದ್ದ. ಅವಂಗ ಅಂಜತಿದ್ದೆ." ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹೊಟ್ಟಿಲೆ ಹುಟ್ಟಿದ ಮಗಾ ಖರೆ, ಥೇಟ್ ಅಪ್ಪನಂಗ ಇದ್ದ. ಈಗ ಯಾರಿಗೆ ಅಂಜ್ಲಿ? ನಿನಗಂತೂ ಅಂಜೂದಿಲ್ಲ."

ನಲಿನಿ ಎದ್ದು ಬೀರು ತೆಗೆದು, ಹಳೆಯ ದುಪ್ಪಟಿಯಲ್ಲಿ ಸುತ್ತಿದ್ದ ಡ್ರೈವನ್ನು ತಂದು ಶರ್ವರಿಯ ಮುಂದಿಟ್ಟಳು. ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು ಜಪ್ತಿ ಪಂಚನಾಮೆ ಬರೆಯಲಾಯಿತು. ಸೂರ್ಯ ಮುಳುಗುವ ಮೊದಲೇ ಬಂಧನವೂ ಆಯಿತು. ರಾತ್ರಿ ತುಳಸಾಬಾಯಿಯ ಜೊತೆಗಿರಲು ಪಕ್ಕದ ಮನೆಯವರು ಒಪ್ಪಿಕೊಂಡರು.

ಠಾಣೆಯಲ್ಲಿ ಪ್ರಿಯಂವದಾ ಕಾಯುತ್ತಿದ್ದರು.

"ನನಗ ಒಂದು ಮಾತು ಹೇಳಬಾರದಿತ್ತೇನು ನಲಿನಿ?"

"ಹೇಳಿದ್ದೆ ರಿ."

ನಲಿನಿ ಹೇಳಿಕೆಗೆ ಸಹಿ ಹಾಕಿ ಪೆನ್ನು ಕೆಳಗಿಟ್ಟಳು.

"ಕೋರ್ಟಿನಿಂದ ಡ್ರೈವ್ ಬಿಡಿಸ್ಕೊಂಡ ಮ್ಯಾಲ ಹನ್ನೊಂದನೇದು ಇಂಟರ್ನೆಟ್ಟಿಗೆ ಹಾಕ್ರಿ. ಉಳಿದವರ ಮನಿಗೆ ಹೋಗಿ ಮೊದಲು ಕೇಳ್ರಿ. ಒಂಬತ್ತು ಮಂದಿ ಇನ್ನೂ ಅದಾರ. ಯಾರ ಮನಿ ಎಲ್ಲೈತಿ, ನನಗ ಗೊತ್ತೈತಿ."

ಕೇಸ್ ಡೈರಿಯಲ್ಲಿ ಶರ್ವರಿ ಕಳವಿನ ಉದ್ದೇಶ ಹಣವಲ್ಲ ಎಂದಷ್ಟೇ ಬರೆದಳು. ತವರಿನಲ್ಲಾಗಲಿ, ಗಂಡನ ಮನೆಯಲ್ಲಾಗಲಿ, ಆಫೀಸಿನಲ್ಲಾಗಲಿ ನಲಿನಿಯ ಮಾತು ಸಾಕೆಂದು ಯಾರೂ ಯಾವ ಕೆಲಸಕ್ಕೂ ಮುಂದಾಗಿರಲಿಲ್ಲ. ಆ ಮುಚ್ಚಿದ ಕೋಣೆಯಲ್ಲಿ ನಲವತ್ತು ಹೆಂಗಸರು ‘ಬೀಳೂದಿಲ್ಲ’ ಎಂಬ ಅವಳ ಒಂದು ಮಾತು ಕೇಳಿ, ನಂಬಿ, ಬಾಯಿ ಬಿಟ್ಟಿದ್ದರು.