ಹದಿಮೂರನೆಯ ಬಾಗು

ಅಲಗಿನ ಬಾಗು ಎಣಿಸಬೇಡ ಎಂದು ಅತ್ತೆ ಸುಮಿಯಾತಿ ಎರಡು ಸಲ ಹೇಳಿದ್ದರು. ಜಾವಾದವರ ವರ್ಷದ ಮೊದಲ ತಿಂಗಳಾದ ಸುರೊದ ಶುಕ್ರವಾರ. ಹಾವು ಹರಿದಂತೆ ಬಾಗಿದ ಅಲಗಿನ ಮನೆತನದ ಕೆರಿಸ್ ಬಾಕುವನ್ನು ಒರೆಯಿಂದ ತೆಗೆದು ತೊಳೆಯುವ ದಿನ. ಪಡಸಾಲೆಯ ತುಂಬ ಸಾಂಬ್ರಾಣಿ ಹೊಗೆ, ಪಾಷಾಣ ಕಲಸಿದ ನಿಂಬೆಹುಳಿಯ ಘಾಟು.

ಮಸ್ತೂರಾ ಈ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳು. ಮದುರಾ ದ್ವೀಪದವಳು. ತವರಿನಲ್ಲಿ ಅಪ್ಪ ಕೆರಿಸ್ ಬಡಿದು ಸಂತೆಗೆ ಹಾಕುತ್ತಿದ್ದ. ಗಿರಾಕಿಯೆದುರು ಬಾಗುಗಳನ್ನು ಕೂಗಿ ಎಣಿಸಿ ಮಾರುವುದೇ ಅಲ್ಲಿಯ ರೂಢಿ.

"ಇಂಥವನ್ನ ನಮ್ಮಪ್ಪ ಕಟ್ಟುಗಟ್ಲೆ ಮಾರಿದಾನೆ ಅತ್ತೆ. ಒಂದೂ ಯಾರನ್ನೂ ಕಚ್ಚಿಲ್ಲ."

"ಅವೆಲ್ಲ ಮುಗಿದ ಬಾಕು ಕಣವ್ವ. ಇದು ಮುಗಿದಿಲ್ಲ."

ಅವಳು ನಕ್ಕು, ಅಲಗಿನ ಮೇಲೆ ಹೆಬ್ಬೆರಳು ಸರಿಸುತ್ತ ಗಟ್ಟಿಯಾಗಿ ಎಣಿಸಿದಳು. ಹನ್ನೆರಡು. ನಗು ಅಲ್ಲಿಗೇ ನಿಂತಿತು. ಕೆರಿಸ್‌ನ ಬಾಗು ಯಾವತ್ತೂ ಬೆಸ. ಹನ್ನೆರಡು ಬಾಗಿನದನ್ನು ಯಾರೂ ಮಾಡುವುದಿಲ್ಲ.

ಅತ್ತೆ ಆಗ ಹೇಳಿದರು: ಹದಿಮೂರನೆಯ ಬಾಗಿಗೆ ಸುತ್ತಿಗೆ ಎತ್ತಿದ್ದಾಗಲೇ ಇದರ ಕಮ್ಮಾರ ಸತ್ತನಂತೆ. ಲೆಕ್ಕ ಕಿವಿಗೆ ಬಿದ್ದರೆ ಬಾಕು ತನಗೆ ಕೊರತೆಯಾದ ಬಾಗನ್ನು ಮನೆಯ ಗಂಡಸಿನ ಬೆನ್ನಲ್ಲಿ ತುಂಬಿಕೊಳ್ಳುತ್ತದಂತೆ. ಅತ್ತೆಯ ಮಾವ ಹಾಗೇ ಹೋದರು, ಹಣೆ ಮೊಣಕಾಲಿಗೆ ತಾಗಿ.

ಮಧ್ಯಾಹ್ನ ಅನ್ನಕ್ಕೆ ಕೂತ ಗಂಡ ಜತ್ಮಿಕೊಗೆ ಏಳಲಾಗಲಿಲ್ಲ. ಬೆನ್ನೊಳಗೆ ಹಸಿ ಬಿದಿರು ಮುರಿದ ಸದ್ದು. ಲಟ್. ಸ್ವಲ್ಪ ಹೊತ್ತಿಗೆ ಮತ್ತೊಂದು. ಸಂಜೆಗೆ ಗದ್ದ ಎದೆಗಿಳಿದಿತ್ತು. ಮೈಯೆಲ್ಲ ನಿಂಬೆಹುಳಿ ನಾರುತ್ತಿತ್ತು.

ಬಾಕುವಿಗೆ ಹೂವಿಟ್ಟು ತಪ್ಪಾಯಿತೆನ್ನು ಎಂದು ಅತ್ತೆ ಅಂಗಲಾಚಿದರು.

"ಎಣಿಸಿದವಳು ನಾನು. ಇವರ ಬೆನ್ನಿನ ಹತ್ರ ಇದಕ್ಕೇನು ಕೆಲಸ?" ಮಸ್ತೂರಾ ಬಾಕು ಎತ್ತಿಕೊಂಡು ಹಿತ್ತಲಿನ ಹಳೇ ಕುಲುಮೆಗೆ ನಡೆದಳು.

"ಬೆಂಕಿಗಿಟ್ಟರೆ ನಿನ್ನ ಕೈ ಕೇಳುತ್ತೆ ಕಣೇ."

"ಕೇಳಲಿ. ಇದ್ದಿಲು ತನ್ನಿ."

ಅತ್ತೆ ಅಳುತ್ತಲೇ ತಿದಿ ಒತ್ತಿದರು. ಅಲಗು ಕೆಂಪಾಯಿತು. ಅಷ್ಟರಲ್ಲಿ ಬೆಂಕಿ ಕಪ್ಪಾಯಿತು. ಕಾವು ಉಳಿಯಿತು, ಬೆಳಕು ಹೋಯಿತು. ಕೊಳೆತ ಮಲ್ಲಿಗೆಯ ವಾಸನೆ. ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದರು, ಸುತ್ತಿಗೆ ಎತ್ತಿದವರಂತೆ.

"ಆಚೆ ನಿಲ್ಲು ಮುದುಕಪ್ಪಾ. ನೀ ಬಿಟ್ಟ ಕೆಲಸ ನಾ ಮುಗಿಸ್ತೀನಿ."

ಇಕ್ಕಳ ಹಿಡಿದ ಎಡಗೈಯ ಮೇಲೆ ತಣ್ಣನೆಯ ಬೆರಳುಗಳು ಕೂತವು. ಹಿಚುಕಿದವು. ಅವಳು ಬಡಿದಳು. ಎಲುಬು ಮುರಿಯಿತು. ಬಡಿದಳು. ಕಿರುಚಲಿಲ್ಲ. ಕತ್ತಲೆಯಲ್ಲೇ ಬಡಿದಳು. ಕಬ್ಬಿಣ ಬಾಗಿತು.

ಹಿಂದಿನ ಉಸಿರು ನಿಧಾನವಾಗಿ ಹೊರಬಂತು. ಬೆಂಕಿ ಮತ್ತೆ ಕೆಂಪಾಯಿತು.

ಗೋಡೆ ಹಿಡಿದುಕೊಂಡು ಜತ್ಮಿಕೊ ಬಾಗಿಲಿಗೆ ಬಂದಿದ್ದ. ಗೋಡೆ ಬಿಟ್ಟು ಓಡಿಬಂದು ಅವಳ ಎಡಗೈ ಹಿಡಿದ. ಐದೂ ಬೆರಳು ಕೊಕ್ಕೆಯಂತೆ ಒಳಕ್ಕೆ ಮಡಚಿದ್ದವು. ಬಿಡಿಸಲು ನೋಡಿದ, ಅಳುತ್ತ ಮತ್ತೆ ನೋಡಿದ. ಅವು ಇನ್ನು ಬಿಚ್ಚುವಂತಿರಲಿಲ್ಲ.

"ಬಿಡ್ರೀ ಅದನ್ನ," ಎಂದಳು ಮಸ್ತೂರಾ. "ಮೊದ್ಲು ನೆಟ್ಟಗೆ ನಿಂತ್ಕೊಳ್ಳಿ, ನೋಡ್ತೀನಿ."

ಅವನು ನಿಂತ. ಅವಳು ಕಣ್ತುಂಬ ನೋಡಿದಳು.