ನಾಳವಯಸ್ಸು ಅರವತ್ತೊಂದು

ಕುತ್ತಿಗೆಗೊಂದು, ತೊಡೆಗೊಂದು ತೆಳುಪಟ್ಟಿ ಅಂಟಿಸಿದ ಕೂಡಲೇ ಧಮನಿಮಾಪಕ ಕೆಲಸ ಶುರುಮಾಡಿತು. ಹೃದಯದ ಪ್ರತಿ ಬಡಿತವೂ ರಕ್ತನಾಳದಲ್ಲಿ ಒಂದು ಅಲೆ ಎಬ್ಬಿಸುತ್ತದೆ. ಮೆತ್ತಗಿನ ನಾಳದಲ್ಲಿ ಆ ಅಲೆ ನಿಧಾನವಾಗಿ ಸಾಗುತ್ತದೆ, ಗಡುಸಾದ ನಾಳದಲ್ಲಿ ವೇಗವಾಗಿ. ಆ ವೇಗ ಅಳೆದು ಯಂತ್ರ ನಾಳದ ವಯಸ್ಸು ಹೇಳುತ್ತದೆ. ಮೇಜಿನ ಮೇಲೆ ಮಲಗಿದ್ದ ನೀಲವ್ವನಿಗೆ ಅರವತ್ತೆಂಟಾಗಿತ್ತು. ಪರದೆಯ ಮೇಲೆ ಮೂಡಿದ್ದು ಅರವತ್ತೊಂದು.

ಡಾಕ್ಟರ್ ಶಾಲ್ಮಲಾ ಅಂಗಡಿ ನಿರಾಳವಾದರು. ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಅವರು ಅರಿವಳಿಕೆ ತಜ್ಞೆ. ಯಂತ್ರವನ್ನು ಕಂಡುಹಿಡಿದವರೂ ಅವರೇ. ಪೂರ್ತಿ ಅರಿವಳಿಕೆ ಕೊಟ್ಟಾಗ ನಾಳಗಳ ಗೋಡೆ ಸಡಿಲಾಗಿ ರಕ್ತದೊತ್ತಡ ಇಳಿಯುತ್ತದೆ. ಎಳೆಯ ನಾಳ ಅದನ್ನು ತಾಳಿಕೊಳ್ಳುತ್ತದೆ. ಬಿಸಿಲಿಗೆ ಒಣಗಿ ಗಡುಸಾದ ನೀರಿನ ಪೈಪಿನಂಥ ನಾಳಕ್ಕೆ ಆ ತಾಳಿಕೆ ಇಲ್ಲ. ಒತ್ತಡ ಒಮ್ಮೆಗೇ ಕುಸಿದು ಮಿದುಳಿಗೆ ರಕ್ತ ಸಾಲದೆ ಹೋಗಬಹುದು. ಇದನ್ನು ಮೊದಲೇ ತಿಳಿದು, ಯಂತ್ರ ತಾನೇ ಔಷಧಿಯನ್ನು ಹನಿಹನಿಯಾಗಿ ಹೊಂದಿಸಿ ಬಿಡಲೆಂದೇ ಅವರು ಅದನ್ನು ಮಾಡಿದ್ದರು.

ಆದರೆ ಆಸ್ಪತ್ರೆಯ ಮೇಲಿನವರ ಕೈಗೆ ಒಂದು ಅಂಕಿ ಸಿಕ್ಕರೆ ಕೇಳಬೇಕೆ? ನಾಳವಯಸ್ಸು ಎಪ್ಪತ್ತು ದಾಟಿದವರಿಗೆ ಶಸ್ತ್ರಚಿಕಿತ್ಸೆ ಇಲ್ಲವೆಂದು ನಿಯಮ ಬಂತು. ಶಾಲ್ಮಲಾ ಒಂದೆರಡು ಸಲ ವಾದಿಸಿ ಸುಮ್ಮನಾದರು. ಯಂತ್ರವೇ ಎಲ್ಲ ಹೇಳುತ್ತದಲ್ಲ ಎಂದು, ಯಾವ ಗುಳಿಗೆ ನುಂಗುತ್ತೀರಿ ಎಂದು ರೋಗಿಯನ್ನು ಕೇಳುವ ಪದ್ಧತಿಯೂ ಬಿಟ್ಟುಹೋಯಿತು.

ನೀಲವ್ವನ ಕರುಳಿನಲ್ಲಿ ಗಡ್ಡೆಯಿತ್ತು. ತೆಗೆಯದಿದ್ದರೆ ಅವಳಿಗೆ ಉಳಿಗಾಲವಿರಲಿಲ್ಲ.

ಔಷಧಿ ಹರಿದ ಸ್ವಲ್ಪ ಹೊತ್ತಿಗೆ ಒತ್ತಡ ಇಳಿಯತೊಡಗಿತು. ಅರವತ್ತೊಂದರ ನಾಳಕ್ಕೆ ಇಷ್ಟು ಇಳಿತ ಸಹಜವೆಂದು ಯಂತ್ರ ತನ್ನ ಪಾಡಿಗೆ ಔಷಧಿ ಬಿಡುತ್ತಲೇ ಇತ್ತು. ಶಾಲ್ಮಲಾ ತಮ್ಮ ಯಂತ್ರವನ್ನು ನಂಬಿದರು. ಅವರು ಕೈಹಾಕುವಷ್ಟರಲ್ಲಿ ಒತ್ತಡ ಪಾತಾಳ ಕಂಡಿತ್ತು, ಏರಿಸುವ ಮದ್ದಿಗೂ ಜಗ್ಗಲಿಲ್ಲ. ಗಡ್ಡೆಯೇನೋ ಹೊರಬಂತು. ನೀಲವ್ವ ಮತ್ತೆ ಕಣ್ಣು ತೆರೆಯಲಿಲ್ಲ. ಕೊಳವೆಯ ಆಸರೆಯಲ್ಲಿ ಉಸಿರಾಡುತ್ತಿದ್ದಳು, ಅಷ್ಟೇ.

ನೀಲವ್ವನ ಮಗಳು ಶಿವಗಂಗಾಳ ಪಕ್ಕ ಕೂತು ಶಾಲ್ಮಲಾ, ಬೆಳಿಗ್ಗೆ ತಾಯಿಗೆ ಏನಾದರೂ ಕೊಟ್ಟಿದ್ದೆಯಾ ಎಂದು ಕೇಳಿದರು.

"ಬಿಪಿ ಗುಳಿಗಿ ಕೊಟ್ಟೀನ್ರಿ. ಅವ್ವಂದೊಂದು, ಬಾಜೂ ಹಾಸಿಗಿಯವರದು ಎರಡು. ಅಂಕಿ ಇಳಿತೈತಿ ಅಂದ್ರು. ಇಲ್ಲೆ ಎಲ್ಲಾರೂ ಹಂಗ ಮಾಡ್ತಾರ್ರಿ."

ಅದು ಆ ವಾರ್ಡಿನ ರೂಢಿಯೇ ಆಗಿತ್ತು. ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ತಿನ್ನುವ ಜನ ಗುಳಿಗೆಗಳನ್ನೂ ಹಂಚಿಕೊಳ್ಳುತ್ತಿದ್ದರು. ಗುಳಿಗೆಯಿಂದ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದರೆ ಅಲೆಯ ವೇಗವೂ ತಗ್ಗುತ್ತದೆ. ನಾಳದ ಗೋಡೆ ಮಾತ್ರ ಮೊದಲಿನಷ್ಟೇ ಗಡುಸು. ಮೈಯಲ್ಲಿದ್ದ ಆ ಮೂರು ಗುಳಿಗೆಗಳ ಮೇಲೆಯೇ ಅರಿವಳಿಕೆ ಬಿದ್ದಿತ್ತು.

"ನಾನ ಕೊಂದ್ನೇನ್ರಿ, ಡಾಕ್ಟರ?" ಎಂದಳು ಶಿವಗಂಗಾ.

ಇಲ್ಲವ್ವಾ, ನಿಂದೇನೂ ತಪ್ಪಿಲ್ಲ ಎಂದು ಶಾಲ್ಮಲಾ ಹೇಳಿದರು. ಅವಳು ನಂಬಲಿಲ್ಲ. ಶಾಲ್ಮಲಾ ಎದ್ದರು. ವಾರ್ಡಿಗೆ ಹೋಗಿ, ಇನ್ನು ಯಾರೂ ಯಾರಿಗೂ ಗುಳಿಗೆ ಕೊಡಬಾರದು, ಅದರಿಂದ ಜೀವವೇ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಹೆಂಡತಿಯ ಕಾಲೊತ್ತುತ್ತ ಕೂತಿದ್ದ ಮುದುಕನೊಬ್ಬ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡ.

"ಆತ್ರಿ, ಕೊಡಂಗಿಲ್ಲ. ಹಂಗಾರ ಈಕೀಗೆ ಆಪರೇಷನ್ ಮಾಡ್ತೀರೇನು?"

ಅವನ ಹೆಂಡತಿಯ ನಾಳವಯಸ್ಸು ಎಪ್ಪತ್ತಾರು. ವಾರ್ಡಿನವರೆಲ್ಲ ಶಾಲ್ಮಲಾರ ಮುಖವನ್ನೇ ನೋಡುತ್ತಿದ್ದರು.

ನಾಳ ಅಳೆದು ತಾನೇ ಔಷಧಿ ಬಿಡುವ ಆ ಯಂತ್ರ ನಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ. ಯಾರಿಗೆ ಚಿಕಿತ್ಸೆ, ಯಾರಿಗೆ ಇಲ್ಲ ಎಂದು ಅಂಕಿ ನೋಡಿ ಹೇಳುವವರು ಮಾತ್ರ ಈಗಾಗಲೇ ನಮ್ಮ ನಡುವೆ ಇದ್ದಾರೆ. ಒಂದೆರಡು ಸಲ ವಾದಿಸಿ ನಾವೂ ಸುಮ್ಮನಾಗಿದ್ದೇವೆ.